ಜಡ್ಜ್‌ಗೆ ನಾಲ್ಕೇ ವರ್ಷ

ಹಿಲ್ಮರ್ ಗ್ರೋಟೆ ಅರವತ್ತು ದಾಟುವವರೆಗೂ ಸುಳ್ಳು ಹೇಳಿದವನಲ್ಲ. ಸುಳ್ಳು ಹೇಳುವಷ್ಟು ಮಾತಾದರೂ ಆ ಬಾಯಲ್ಲಿ ಎಲ್ಲಿತ್ತು ಎಂದು ಅವನ ಹೆಂಡತಿ ಲೋರೀನ್ ಕೇಳುತ್ತಿದ್ದಳು. ಆಮೇಲೆ ಒಂದು ಜಿಂಕೆಯ ವಯಸ್ಸಿನ ವಿಷಯದಲ್ಲಿ ಶುರುಮಾಡಿದ ನೋಡಿ, ಚರ್ಚಿನ ಅಂಗಳದಲ್ಲೇ ನಿಂತು, ಕೈಯಲ್ಲಿ ಆಲೂಗಡ್ಡೆ ಸಲಾಡಿನ ತಟ್ಟೆ ಹಿಡಿದುಕೊಂಡೇ ಸರಾಗವಾಗಿ ಹೇಳತೊಡಗಿದ.

ಅವನ ರಾಂಚು, ಎಂದರೆ ಮೇವಿನ ಜಮೀನು, ಲಾನೋ ನದಿಯ ದಕ್ಷಿಣಕ್ಕೆ, ಸುಣ್ಣದ ಕಲ್ಲಿನ ಗುಡ್ಡಗಳ ನಡುವೆ. ಅಪ್ಪನ ಕಾಲದಲ್ಲಿ ಅಲ್ಲಿ ಆಡುಗಳಿದ್ದವು. ಆಡು ಬಿಟ್ಟ ನೆಲದಲ್ಲಿ ಏನು ಉಳಿಯುತ್ತದೆ? ಸೀಡರ್ ಮರ ಉಳಿಯುತ್ತದೆ, ಅದನ್ನು ಆಡೂ ಮೂಸುವುದಿಲ್ಲ. ಅಪ್ಪ ತೀರಿಕೊಂಡ ವರ್ಷವೇ ಹಿಲ್ಮರ್ ಆಡುಗಳನ್ನೆಲ್ಲ ಮಾರಿ ಗರಗಸ ಹಿಡಿದು ಹೊರಟ. ಪ್ರತಿ ಚಳಿಗಾಲವೂ ಸೀಡರ್ ಕಡಿದ. ಕಡಿದ ಕೊಂಬೆಗಳನ್ನು ಸುಡದೆ ಅಲ್ಲಲ್ಲಿ ಗುಡ್ಡೆ ಹಾಕಿ, ಲಾವುಗೆ ಹಕ್ಕಿಗಳು ಗಿಡುಗನ ಕಣ್ಣು ತಪ್ಪಿಸಿ ಕೂರಲಿ ಎಂದು ಬಿಟ್ಟ. ಸುಡಲು ಮೈಗಳ್ಳತನ ಎಂದು ನೆರೆಯವರು ಆಡಿಕೊಂಡರು. ನೆಲದ ನೀರೆಲ್ಲ ಹೀರುತ್ತಿದ್ದ ಸೀಡರ್ ಹೋದ ಮೇಲೆ ಹುಲ್ಲು ಬಂತು, ಒಣಗಿದ್ದ ಹಳ್ಳದಲ್ಲಿ ನೀರು ಒಸರಿತು. ಕೆಳಗಿನ ತಗ್ಗಿನಲ್ಲಿ ಅವನು ಕೆರೆಯೊಂದನ್ನು ತೋಡಿ, ಒಂದು ಬದಿಯ ಅಂಚನ್ನು ಮರಿಗಳೂ ಇಳಿದು ನೀರು ಕುಡಿಯುವಂತೆ ಇಳಿಜಾರಾಗಿ ಬಿಟ್ಟ, ಇನ್ನೊಂದು ಬದಿಯಲ್ಲಿ ಜೊಂಡು ಬೆಳೆಯಲು ಬಿಟ್ಟ. ಮರುವರ್ಷವೇ ಬಾತುಗಳು ಬಂದಿಳಿದವು. ಆಗ ಆಡಿಕೊಂಡವರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಮ್ಮಲ್ಲೂ ಒಂದು ಕೆರೆ ಎಲ್ಲಿ ತೋಡೋಣ ಎಂದು ಕೇಳಲು ಬಂದರು.

ಹೀಗೆ, ಬೇಡ ಬೇಡವೆಂದರೂ ಹಿಲ್ಮರ್ ಆ ಸುತ್ತಿನ ರಾಂಚುಗಳವರು ಕಟ್ಟಿಕೊಂಡ ಜಿಂಕೆ ಸಂಘಕ್ಕೆ ಅಧ್ಯಕ್ಷನಾದ. ವರ್ಷಕ್ಕೊಂದು ಸಲ ಭಾಷಣ ಮಾಡುತ್ತಿದ್ದ, ಪ್ರತಿವರ್ಷವೂ ಅದೇ ಭಾಷಣ. ನೆಲ ಸಾಕುವಷ್ಟೇ ಜಿಂಕೆ ಇರಬೇಕು. ಹೆಣ್ಣುಗಳು ಹೆಚ್ಚಾದರೆ ಹೊಡೆದು ತಿನ್ನಿ. ಗಂಡುಗಳಿಗೆ ಐದು ವರ್ಷ ತುಂಬುವವರೆಗೆ ಮುಟ್ಟಬೇಡಿ, ತುಂಬಿದ ಮೇಲೆ ಹೊಡೆಯಿರಿ. ಕೊನೆಗೆ ಬೆರಳೆತ್ತಿ, ಯಾವ ಜಿಂಕೆಗೂ ಹೆಸರಿಡಬೇಡಿ, ಹೆಸರಿಟ್ಟವನ ಕೈಯಲ್ಲಿ ಕೋವಿ ಏಳುವುದಿಲ್ಲ ಎನ್ನುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿ ಸಾಸೇಜ್ ತಿನ್ನಲು ಏಳುತ್ತಿದ್ದರು.

ಇಂಥ ಅಧ್ಯಕ್ಷರು ಒಂದು ಗಂಡು ಜಿಂಕೆಗೆ ಜಡ್ಜ್ ಎಂದು ಹೆಸರಿಟ್ಟಿದ್ದರು.

ಅದರಲ್ಲಿ ಅವನ ತಪ್ಪೇನೂ ಇಲ್ಲ ಎನ್ನಬಹುದು. ಅದಿನ್ನೂ ಎಳೆಯದಾಗಿದ್ದಾಗ ಬೇಲಿ ಹಾರಲು ಹೋಗಿ ಹಿಂಗಾಲನ್ನು ಎರಡು ತಂತಿಗಳ ನಡುವೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಹಿಲ್ಮರ್ ತಾನೇ ಕಟ್ಟಿದ ಬೇಲಿಯನ್ನು ತಾನೇ ಕತ್ತರಿಸಿ ಬಿಡಿಸಿದ. ಬೇರೆ ಜಿಂಕೆಯಾಗಿದ್ದರೆ ಬಾಲವೆತ್ತಿ ಓಡುತ್ತಿತ್ತು. ಇದು ಎದ್ದು ಮೈಕೊಡವಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಎರಡೂ ಕಡೆಯ ವಾದ ಕೇಳಿ ಮುಗಿಸಿದವರಂತೆ ನಿಧಾನವಾಗಿ ತಲೆ ತಿರುಗಿಸಿ ನಡೆಯಿತು. ಅಂದಿನಿಂದ ಹಿಲ್ಮರ್ ಸಂಜೆ ಹೊತ್ತು ತನ್ನ ಹಳೇ ಜಾಕೆಟ್ ತೊಟ್ಟು ಬಕೆಟ್ಟಿನಲ್ಲಿ ಮೆಕ್ಕೆಜೋಳ ಹಿಡಿದು ಕೆರೆಯ ಕಡೆ ಹೋಗತೊಡಗಿದ. ಎಲ್ಲ ಜಿಂಕೆಗೂ ಚೆಲ್ಲುತ್ತಿದ್ದ, ಜಡ್ಜ್‌ಗೆ ಮಾತ್ರ ಜೇಬಿನಿಂದ ತೆಗೆದು ಅಂಗೈಯಲ್ಲಿ. ಊರಿಗೆ ಗೊತ್ತಾದರೆ ಮೇವಿನ ಅಂಗಡಿಯ ಬೆಂಚಿನ ಮೇಲೆ ಅವನು ಇನ್ನು ಕೂರುವ ಹಾಗಿರಲಿಲ್ಲ.

ತೊಂದರೆ ಬಂದದ್ದು ಆರ್ಲನ್‌ನಿಂದ. ಆರ್ಲನ್ ಲೋರೀನಳ ಅಣ್ಣ, ಸ್ಯಾನ್ ಆಂಟೋನಿಯೋದಲ್ಲಿ ಏರ್‌ಕಂಡೀಷನರ್ ಮಾರುವವನು, ದೊಡ್ಡ ಆಳು, ದೊಡ್ಡ ಗಂಟಲು. ಹಿಲ್ಮರ್‌ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನಾದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ನವೆಂಬರಿನ ಮೊದಲ ಶನಿವಾರ, ಬೇಟೆ ಶುರುವಾಗುವ ದಿನ, ಅವನು ತಪ್ಪದೆ ಬರುತ್ತಿದ್ದ. ತಪ್ಪದೆ ಬರಿಗೈಯಲ್ಲಿ ಹೋಗುತ್ತಿದ್ದ. ಸಣ್ಣಪುಟ್ಟದಕ್ಕೆಲ್ಲ ನಾನು ಗುಂಡು ಖರ್ಚು ಮಾಡುವುದಿಲ್ಲ, ನನಗೆ ಬೇಕಾದದ್ದು ಆ ಜಡ್ಜ್‌ನಂಥದ್ದು ಎನ್ನುತ್ತಿದ್ದ. ಹೆಸರು ಅವನ ಕಿವಿಗೆ ಬಿದ್ದದ್ದು ಹೇಗೆಂದರೆ, ಹಿಲ್ಮರ್ ನಿದ್ದೆಯಲ್ಲಿ ಮಾತಾಡುತ್ತಾನೆ, ಲೋರೀನ್ ಎಚ್ಚರವಿದ್ದಾಗ ಮಾತಾಡುತ್ತಾಳೆ.

ಜಡ್ಜ್‌ಗೆ ನಿಜವಾಗಿ ನಾಲ್ಕು ವರ್ಷವಾಗಿದ್ದಾಗ ಹಿಲ್ಮರ್, ಅದಕ್ಕಿನ್ನೂ ನಾಲ್ಕು, ಸಂಘದ ನಿಯಮ ಇದೆಯಲ್ಲ ಎಂದ. ಮರುವರ್ಷವೂ ನಾಲ್ಕು ಎಂದ. ಅಲ್ಲಿಂದಾಚೆಗೆ ಆ ಜಿಂಕೆ ನಾಲ್ಕರಲ್ಲೇ ನಿಂತುಬಿಟ್ಟಿತು. ಅದರ ಬೆನ್ನು ಬಾಗಿತು, ಹೊಟ್ಟೆ ಜೋತಿತು, ಮೂತಿ ನೆರೆಯಿತು, ವಯಸ್ಸು ಮಾತ್ರ ಏರಲಿಲ್ಲ.

ಈ ಸಲ ಅಕ್ಟೋಬರಿನಲ್ಲಿ ಚರ್ಚಿನ ಊಟದ ದಿನ, ಅರ್ಧ ಊರು ನೆರೆದಿದ್ದಾಗ ಆರ್ಲನ್ ಗಂಟಲು ತೆರೆದ.

"ಹೋದ್ವರ್ಷಾನೂ ನಾಲ್ಕು, ಅದರ ಹಿಂದಿನ ವರ್ಷಾನೂ ನಾಲ್ಕು. ಅದೇನ್ ಜಿಂಕೇನೋ ಸಿನಿಮಾ ನಟೀನೋ ಭಾವ? ಅದರ ಹೊಟ್ಟೆ ನನ್ ಹೊಟ್ಟೆಗಿಂತ ಕೆಳಗೆ ಬಂದಿದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಘದ ಸದಸ್ಯರೆಲ್ಲ ಅಧ್ಯಕ್ಷನ ಮುಖವನ್ನೇ ನೋಡುತ್ತಿದ್ದರು. ಹಿಲ್ಮರ್‌ನ ಮುಖ ಹುಳ್ಳಗಾಯಿತು. ಇರಬಹುದು, ಈ ವರ್ಷ ಐದು ದಾಟಿರಬಹುದು ಎಂದು ಬಾಯಿಂದ ಬಂದೇಬಿಟ್ಟಿತು. ಹಾಗಾದರೆ ಮೊದಲ ಶನಿವಾರ ಅದು ನನ್ನದು ಎಂದ ಆರ್ಲನ್. ಅಷ್ಟು ಜನರೆದುರು ಕೊಟ್ಟ ಮಾತು ಹಿಂತೆಗೆದುಕೊಳ್ಳುವುದು ಆ ಕಡೆಯವರಿಗೆ ಅಂಗಿ ಬಿಚ್ಚಿ ಬೀದಿಯಲ್ಲಿ ನಡೆದಂತೆ.

ಹಿಲ್ಮರ್‌ಗೆ ಊಟ ರುಚಿಸಲಿಲ್ಲ. ಅದನ್ನು ಅಂಗೈಯಲ್ಲಿ ತಿನ್ನಿಸಿ ಸಾಕಿದ ನಿಜ ಹೇಳಿದರೆ ಜಡ್ಜ್ ಉಳಿಯುತ್ತದೆ, ತನ್ನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಜಡ್ಜ್ ಸಾಸೇಜ್ ಆಗುತ್ತದೆ, ಅದನ್ನು ತಾನೂ ತಿನ್ನಬೇಕಾಗುತ್ತದೆ. ಕೆರೆಯ ದಂಡೆಯಲ್ಲಿ ಕೂತು ಯೋಚಿಸಿದ, ಯೋಚಿಸಿದ. ಕೊನೆಗೆ ಮೂರನೆಯ ದಾರಿಯೊಂದು ಹೊಳೆಯಿತು. ಜಿಂಕೆಗೆ ಮನುಷ್ಯನ ವಾಸನೆ ಆಗದು ಎಂಬುದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬೇಟೆಗಾರರು ಸೋಪು ಹಚ್ಚುವುದಿಲ್ಲ, ಬಟ್ಟೆಯನ್ನು ಸೀಡರ್ ಸೊಪ್ಪಿನಲ್ಲಿ ಸುತ್ತಿಡುತ್ತಾರೆ. ಹಾಗಿದ್ದ ಮೇಲೆ ಬೇಟೆಗೆ ಅಡಗಿ ಕೂರುವ ಕೆರೆಯ ಬಳಿಯ ಅಟ್ಟಣೆಯ ಸುತ್ತ ಮನುಷ್ಯನ ವಾಸನೆ ಗಮ್ಮೆಂದು ತುಂಬಿಬಿಟ್ಟರೆ ಯಾವ ಜಿಂಕೆ ಹತ್ತಿರ ಸುಳಿದೀತು?

ಅಂದಿನಿಂದ ಹಿಲ್ಮರ್ ಬಟ್ಟೆ ಒಗೆಯಲು ಕೊಡಲಿಲ್ಲ. ಬಿಸಿಲಲ್ಲಿ ಬೇಕೆಂದೇ ಬೇಲಿಗೂಟ ಹೊಡೆದು ಬೆವರಿದ. ಅಂಗಿ, ಬನಿಯನ್, ಉಣ್ಣೆಯ ಕಾಲುಚೀಲ ಎಲ್ಲವನ್ನೂ ಬೆವರಲ್ಲಿ ತೋಯಿಸಿ, ಟ್ರಕ್ಕಿನಲ್ಲಿ ಬಚ್ಚಿಟ್ಟ.

"ಏನ್ ಬಂದಿದೆ ನಿಂಗೆ? ನಾಯೀನೂ ಎದ್ದು ಆಚೆ ಹೋಗಿ ಮಲಗ್ತಿದೆ," ಎಂದಳು ಲೋರೀನ್.

ಹಿಲ್ಮರ್‌ಗೆ ಅದು ಶುಭಶಕುನವಾಗಿ ಕಂಡಿತು.

ಶುಕ್ರವಾರ ಮಧ್ಯಾಹ್ನ ಅಟ್ಟಣೆಯ ಸುತ್ತಲಿನ ಓಕ್ ಮರಗಳಿಗೆಲ್ಲ ಬಟ್ಟೆ ನೇತುಹಾಕಿ ಬಂದ. ಆ ರಾತ್ರಿ ಉತ್ತರದಿಂದ ಕೊರೆಯುವ ಗಾಳಿ ಎದ್ದಿತು. ಪಟ್ಟಣದ ತೆಳ್ಳನೆಯ ಕೋಟಿನಲ್ಲಿ ಬಂದಿದ್ದ ಆರ್ಲನ್ ಬೆಳಿಗ್ಗೆ ನಡುಗುತ್ತ ನಿಂತಿದ್ದ. ಲೋರೀನ್ ಬಾಗಿಲ ಹಿಂದೆ ನೇತಾಡುತ್ತಿದ್ದ ಗಂಡನ ಹಳೇ ಜಾಕೆಟ್ಟನ್ನು ತೆಗೆದು ಅವನಿಗೆ ತೊಡಿಸಿದಳು. ಹಿಲ್ಮರ್ ಬೇಡವೆನ್ನಲಿಲ್ಲ. ಇನ್ನಷ್ಟು ವಾಸನೆ, ಒಳ್ಳೆಯದೇ ಆಯಿತು ಎಂದುಕೊಂಡ.

ಕತ್ತಲಲ್ಲಿ ಇಬ್ಬರೂ ಅಟ್ಟಣೆ ಏರಿ ಕೂತರು. ಬೆಳಕು ಹರಿಯುತ್ತಿದ್ದಂತೆ ಮರಗಳಲ್ಲಿ ಒಂದೊಂದಾಗಿ ಬಟ್ಟೆಗಳು ಕಾಣತೊಡಗಿದವು.

"ಭಾವ, ಅಲ್ಲಿರೋದು ನಿನ್ ಬನಿಯನ್ ಅಲ್ವಾ?" ಆರ್ಲನ್ ಪಿಸುಗುಟ್ಟಿದ.

"ಒಣಗ್ಲಿ ಅಂತ ಹಾಕಿದ್ದೆ."

"ಮನೆಯಿಂದ ಇಷ್ಟು ದೂರದಲ್ಲಿ?"

"ಇಲ್ಲಿ ಗಾಳಿ ಚೆನ್ನಾಗಿದೆ."

ಗಾಳಿ ನಿಜಕ್ಕೂ ಚೆನ್ನಾಗಿತ್ತು. ಹಿಲ್ಮರ್‌ನ ವಾಸನೆಯನ್ನು ಗುಡ್ಡದಿಂದ ಗುಡ್ಡಕ್ಕೆ ಹಂಚಿ ಬಂದಿತ್ತು. ಬೇರೆ ಯಾವ ರಾಂಚಿನ ಜಿಂಕೆಯಾದರೂ ಆ ವಾಸನೆಗೆ ಮೆಕ್ಸಿಕೋ ಗಡಿಯವರೆಗೆ ಓಡುತ್ತಿತ್ತು. ಆದರೆ ಈ ಜಿಂಕೆಗಳು ಹುಟ್ಟಿದಾಗಿನಿಂದ ಸಂಜೆ ಸಂಜೆ ಆ ವಾಸನೆಯ ಹಿಂದೆಯೇ ಮೆಕ್ಕೆಜೋಳ ಬರುವುದನ್ನು ಕಂಡಿದ್ದವು. ಬುದ್ಧಿವಂತ ಅಧ್ಯಕ್ಷರಿಗೆ ಇದೊಂದು ಹೊಳೆದಿರಲಿಲ್ಲ.

ಮೊದಲು ಎರಡು ಹೆಣ್ಣುಗಳು ಬಂದವು. ಆಮೇಲೆ ಮರಿಗಳು, ಆಮೇಲೆ ಹಳ್ಳದಾಚೆಯವು, ಇವುಗಳ ಧೈರ್ಯ ನೋಡಿ ಪಕ್ಕದ ರಾಂಚಿನ ಪರಿಚಯವಿಲ್ಲದ ನೆಂಟರೂ ಬಂದರು. ಒಂದು ಮುದಿ ಹೆಣ್ಣು ಕಾಲುಚೀಲದ ಉಪ್ಪನ್ನು ನೆಕ್ಕಿ ನೆಕ್ಕಿ, ಕೊನೆಗೆ ಚೀಲವನ್ನೇ ಅಗಿಯತೊಡಗಿತು. ಎಲ್ಲರೂ ಬಂದಾದ ಮೇಲೆ, ಕಲಾಪ ಶುರುಮಾಡಲು ಬರುವಂತೆ ಜಡ್ಜ್ ಬಂತು. ಒಂದೊಂದು ಅಂಗಿಯನ್ನೂ ಸಾವಧಾನವಾಗಿ ಮೂಸಿತು. ನೇರವಾಗಿ ಅಟ್ಟಣೆಯ ಬುಡಕ್ಕೆ ನಡೆದು, ಕತ್ತೆತ್ತಿ ಅದರ ಕಿಂಡಿಯನ್ನೇ ನೋಡುತ್ತ ನಿಂತಿತು.

ಆರ್ಲನ್ ಕೋವಿ ಎತ್ತಿದ. ಕೋವಿಯ ದುರ್ಬೀನಿನಲ್ಲಿ ಬರೀ ಕೂದಲು ಕಂಡಿತು. ಅಷ್ಟು ಹತ್ತಿರಕ್ಕೆ ಕೋವಿ ಬಗ್ಗುತ್ತಿರಲಿಲ್ಲ. ಹತ್ತಿರವಿದ್ದರೆ ಹೊಡೆಯುವುದು ಗಂಡಸುತನವಲ್ಲ, ಕೆಳಗಿಳಿದು ದೂರ ಹೋಗಿ ಹೊಡೆಯುತ್ತೇನೆ ಎಂದು ಅವನು ಏಣಿ ಇಳಿದ. ಜಡ್ಜ್ ಏಣಿಯ ಕೆಳಗೆ ಅವನನ್ನು ಎದುರುಗೊಂಡಿತು. ಆರ್ಲನ್ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಜಡ್ಜ್ ಮುಂದಕ್ಕೊಂದು ಹೆಜ್ಜೆ ಇಟ್ಟಿತು. ಜಾಕೆಟ್ಟಿನ ಜೇಬಿನಲ್ಲಿ ಹಳೇ ಜೋಳವಿತ್ತು, ಯಾವ ಜೇಬು ಎಂಬುದೂ ಅದಕ್ಕೆ ಗೊತ್ತಿತ್ತು. ಆರ್ಲನ್ ಹಿಂದೆ ಹಿಂದೆ ನಡೆದ. ಅವನೆದುರಿಗೆ ಜಡ್ಜ್, ಜಡ್ಜ್‌ನ ಹಿಂದೆ ಇಡೀ ಹಿಂಡು. ಕೆರೆಯ ಇಳಿಜಾರಿನ ದಂಡೆ ಬಂದದ್ದು ಅವನಿಗೆ ಕಾಣಲಿಲ್ಲ. ಹಿಲ್ಮರ್ ಮರಿಗಳಿಗೆಂದು ಬಿಟ್ಟಿದ್ದ ಆ ಅಂಚಿನಲ್ಲಿ ಆರ್ಲನ್ ಕಾಲು ಜಾರಿ, ಕೋವಿಯನ್ನು ನೀರಿಗೆಸೆದು, ಸೊಂಟದವರೆಗಿನ ತಣ್ಣೀರಿನಲ್ಲಿ ಕೂತುಬಿಟ್ಟ. ಬಾತುಗಳು ಬೈದುಕೊಂಡು ಎದ್ದುಹೋದವು. ಜಡ್ಜ್ ದಂಡೆಯಲ್ಲಿ ನಿಂತು ಕತ್ತು ಚಾಚಿ ಜೇಬಿನೊಳಗೆ ಮೂತಿ ತೂರಿಸಿತು.

ಹಿಲ್ಮರ್ ಏದುಸಿರು ಬಿಡುತ್ತ ಓಡಿ ಬಂದವನು ನೀರಿಗಿಳಿದು ಮೊದಲು ಕೋವಿಯನ್ನು ಎತ್ತಿಕೊಂಡ. ಇನ್ನು ಅಡಗಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ.

"ಹೊಡೀಬೇಡ ಭಾವ. ಅದಕ್ಕೆ ಒಂಬತ್ತು ವರ್ಷ. ಸುಳ್ಳು ಹೇಳ್ದೆ. ನಂಗೆ ಅದಂದ್ರೆ ಪ್ರಾಣ. ಯಾರಿಗ್ ಬೇಕಾದ್ರೂ ಹೇಳ್ಕೋ ಹೋಗು."

ಹೇಳಿ ಮುಗಿಸಿ, ನಗುವಿಗಾಗಿ ಕಾದ. ನಗು ಬರಲಿಲ್ಲ. ಆರ್ಲನ್‌ನ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಹಲ್ಲು ಕಟಕಟ ಎನ್ನುತ್ತಿದ್ದವು.

"ಚರ್ಚಲ್ಲಿ ನಾನ್ ಅಂದಿದ್ದು ತಮಾಷೆಗೆ ಕಣೋ. ನೀನ್ ಯಾಕೋ ಒಪ್ಕೊಂಡೆ? ತಿಂಗಳಿಂದ ನಿದ್ದೆ ಮಾಡಿಲ್ಲ ನಾನು."

"ಯಾಕೆ?"

"ನಾನು ಹುಟ್ಟಿದಾಗಿಂದ ಒಂದೂ ಜಿಂಕೆ ಹೊಡೆದಿಲ್ಲ ಭಾವ. ಕೈ ಬರಲ್ಲ. ನಮ್ ಮನೆ ಗೋಡೇಲಿರೋ ಜಿಂಕೆ ತಲೆ ಹರಾಜಲ್ಲಿ ಕೊಂಡಿದ್ದು. ನೀನು ಪ್ರತಿ ವರ್ಷ ನಾಲ್ಕು, ನಾಲ್ಕು ಅಂತಿದ್ದಾಗ ಮನಸ್ಸಲ್ಲೇ ನಿಂಗೆ ಕೈ ಮುಗೀತಿದ್ದೆ."

ಹಿಲ್ಮರ್ ಕೋವಿಯನ್ನು ದಂಡೆಯ ಹುಲ್ಲಿನ ಮೇಲಿಟ್ಟು, ಹೋಗಿ ಅವನ ಪಕ್ಕದಲ್ಲೇ ನೀರಿನಲ್ಲಿ ಕೂತ. ಹಾಗೇಕೆ ಕೂತ ಎಂದರೆ ಅವನಿಗೂ ಗೊತ್ತಿಲ್ಲ. ಇಷ್ಟು ವರ್ಷ ಒಂದೇ ಹೆದರಿಕೆಯನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದರು ಎಂದು ತಿಳಿದಾಗ ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಜಾಕೆಟ್ಟಿನ ಜೇಬಿನ ತಳದಿಂದ ನೆನೆದ ಜೋಳ ಬಾಚಿ ಆರ್ಲನ್‌ನ ಅಂಗೈಗೆ ಸುರಿದು, ಕೈ ಚಾಚು, ಬೆರಳು ಮಡಚಬೇಡ ಎಂದ.

ಆರ್ಲನ್ ಕೈ ಚಾಚಿದ. ಜಡ್ಜ್ ಒಂದು ಗಳಿಗೆ ಅವನನ್ನು ನೋಡಿತು, ಆಮೇಲೆ ಬಗ್ಗಿ ತಿನ್ನತೊಡಗಿತು. ಏರ್‌ಕಂಡೀಷನರ್ ಮಾರುವ ಆ ದೊಡ್ಡ ಮನುಷ್ಯ ಕೊರೆಯುವ ನೀರಿನಲ್ಲಿ ಕದಲದೆ ಕೂತು, "ಮೀಸೆ ಇದೆ ಭಾವ ಇದಕ್ಕೆ," ಎಂದ. "ಕಚಗುಳಿ ಇಡ್ತಿದೆ."