ನಾಟ್ ಬ್ಯಾಡ್ ಅಂದ್ರ ಏನು?

ಎಪ್ಪತ್ತರ ದಶಕದಲ್ಲಿ ನಾನೂ ನನ್ನ ಗೆಳೆಯ ಮಲ್ಲಪ್ಪನೂ ತಿಕೋಟಾದ ಸಾಲಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆವು. ಒಮ್ಮೆ ಎರಡು ದಿನದ ತಪಾಸಣೆಗೆ ಬಂದ ಸಾಹೇಬರು ಮೊದಲ ದಿನ ಇಬ್ಬರ ಪಾಠವನ್ನೂ ಕೇಳಿ ಅವನಿಗೆ ‘ವೆರಿ ಗುಡ್’ ಅಂದರು, ನನಗೆ ‘ನಾಟ್ ಬ್ಯಾಡ್’. ಅಷ್ಟೇ, ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಸಂಜೆ ವಿಜಾಪುರದ ಬಸ್ಸಿನಲ್ಲಿ ಮಲ್ಲಪ್ಪ ಪಕ್ಕದಲ್ಲೇ ಕೂತು, “ನಾಟ್ ಬ್ಯಾಡ್ ಅಂದ್ರ ಕೆಟ್ಟಿಲ್ಲ ಅಂತ. ಬ್ಯಾಸರ ಮಾಡ್ಕೋಬ್ಯಾಡಲೇ,” ಅಂದ. ಆ ಸಮಾಧಾನಕ್ಕೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಹೆಂಡತಿ ಎಣ್ಣೆಗಾಯಿ ಬಡಿಸಿ, “ಹೆಂಗಾಗೇತ್ರಿ?” ಅಂದಳು. ತಲೆ ಎತ್ತದೆ “ಅಡ್ಡಿ ಇಲ್ಲ” ಅಂದೆ. ಅವಳ ಮುಖ ಅರಳಿತು. ಇನ್ನೊಂದು ಬದನೆಕಾಯಿ ತಾಟಿಗೆ ಬಿತ್ತು. ಆಗ ಹೊಳೆಯಿತು ನನಗೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಎಲ್ಲಿದೆ? ನಾಟ್ ಬ್ಯಾಡ್ ಅಂದರೆ ಅಡ್ಡಿ ಇಲ್ಲ! ವೆರಿ ಗುಡ್ ಅಂತ ಸಣ್ಣ ಹುಡುಗರ ಪಾಟಿಯ ಮೇಲೂ ಬರೆಯುತ್ತಾರೆ.

ಮರುದಿನ ಇದನ್ನೆಲ್ಲ ಮಲ್ಲಪ್ಪನಿಗೆ ಬಿಡಿಸಿ ಹೇಳಿದೆ. “ಹೌದೇನು?” ಅಂದವನ ಮುಖ ಬಾಡಿತು. ನನ್ನ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಎಲ್ಲರಿಗೂ ಚಹಾ ಬಂತು. ಹಾಲು ಸೀದು ಹೋಗಿತ್ತು. ಸಾಹೇಬರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಚಹಾ ಹೆಂಗೈತ್ರಿ, ಸಾಹೇಬ್ರ?” ಅಂದರು ಹೆಡ್ ಮಾಸ್ತರು.

“ನಾಟ್ ಬ್ಯಾಡ್,” ಅಂದ ಸಾಹೇಬರು ಕಪ್ಪನ್ನು ಮೆಲ್ಲಗೆ ದೂರ ಸರಿಸಿದರು.

ಮಲ್ಲಪ್ಪ ಮಾತ್ರ ನನ್ನ ಮುಖವನ್ನೇ ನೋಡುತ್ತ ತನ್ನ ಚಹಾವನ್ನು ಕೊನೆಯ ಹನಿವರೆಗೂ ಸೊರ್ ಅಂತ ಕುಡಿದು, ತುಟಿ ಒರೆಸಿಕೊಂಡು, “ಅಡ್ಡಿ ಇಲ್ಲ,” ಅಂದ.