ಚಾಂದಬಿಯ ಮನೆಗೆ ಏನೂ ಆಗಿಲ್ಲ

ಕಮಲಾಪುರದ ನಮ್ಮ ಓಣಿಯಲ್ಲಿ ಯಾರ ಮನೆಗೆ ಬೀಗರು ಬರುವವರಿದ್ದರೂ ಚಾಂದಬಿ ತನ್ನ ಅಂಗಳ ತೊಳೆಯುತ್ತಾಳೆ. ಬೀಗರು ಆಕೆಯವರಲ್ಲ. ಆದರೆ ಆಕೆಯ ಮನೆಯ ಮುಂದೆ ಹಾದುಹೋಗುತ್ತಾರೆ, ಅಷ್ಟು ಸಂಬಂಧ ಸಾಕು.

ಆಕೆ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಮಗಳು ಮುಸ್ಕಾನ್ ಕಲಬುರಗಿಯಲ್ಲಿ, ಜಗತ್ ಸರ್ಕಲ್ ಹತ್ತಿರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ವಾರವೆಲ್ಲ ಕೋಟೆಯ ಕಡೆ ಖಾಲಾನ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿರುತ್ತಾಳೆ, ರವಿವಾರ ಊರಿಗೆ ಬರುತ್ತಾಳೆ. ಬಂದವಳು ಚಪ್ಪಲಿಯನ್ನು ಬಾಗಿಲ ಹೊರಗೆ, ಗೋಡೆಗೆ ಹೊಂದಿಸಿ ಬಿಡಬೇಕು. ಮಗಳಾದರೂ ಅದರಲ್ಲಿ ರಿಯಾಯಿತಿ ಇಲ್ಲ.

ಮನೆ ಎರಡು ಕೋಣೆಯದು, ಕಲ್ಲಿನ ಗೋಡೆ, ಫರಸಿಯ ನೆಲ. ಮೊದಲು ಮೇಲೆ ಮಣ್ಣಿನ ಮಾಳಿಗೆ ಇತ್ತು. ಅದು ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬರುತ್ತಿತ್ತು. ಕೊನೆಗೆ ತಾಯಿ ಮಗಳು ಬ್ಯಾಂಕಿನ ಸಾಲ ಮಾಡಿ ಅದನ್ನು ತೆಗೆಸಿ ತಗಡು ಹಾಕಿಸಿದರು. ಸಾಲದ ಜೊತೆಗೆ ಬ್ಯಾಂಕಿನವರು ಮನೆಗೆ ವಿಮೆಯನ್ನೂ ಮಾಡಿಸಿದರು. ವಿಮೆ ಎಂದರೆ ಮನುಷ್ಯ ಸತ್ತ ಮೇಲೆ ಬರುವಂಥದು ಎಂದು ತಿಳಿದಿದ್ದ ಚಾಂದಬಿ, ಮನೆ ಹೇಗೆ ಸಾಯುತ್ತದೆ ಎಂದು ಕೇಳಿದಳು. ಮ್ಯಾನೇಜರು ಸಹಿ ಮಾಡುವ ಜಾಗ ತೋರಿಸಿದರು.

ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಬಂತು. ಮೊದಲು ಬಾಳೆಯ ತೋಟಗಳ ಕಡೆಯಿಂದ ಕೆಂಪು ದೂಳು ಎದ್ದು ಬಂದು ಓಣಿಯಲ್ಲಿ ಒಂದು ಗಳಿಗೆ ನಿಂತಿತು, ಮನೆ ಹುಡುಕುವವರ ಹಾಗೆ. ಆಮೇಲೆ ಎಲ್ಲ ಬಾಗಿಲುಗಳೂ ಒಮ್ಮೆಲೇ ಬಡಿದುಕೊಂಡವು. ಚಾಂದಬಿ ಆಗ ಪಕ್ಕದ ಮನೆಯ ಭೀಮಬಾಯಿಯ ಜೊತೆ ಶ್ಯಾವಿಗೆ ಒಣಗಿಸುತ್ತಿದ್ದಳು. ಇಬ್ಬರೂ ಶ್ಯಾವಿಗೆ ಎತ್ತಿಕೊಂಡು ಭೀಮಬಾಯಿಯ ಮನೆಯೊಳಗೆ ಓಡಿದರು. ಕಿಟಕಿಯಿಂದ ನೋಡುತ್ತಿದ್ದಂತೆ ಒಂದು ತಗಡು ಬೇವಿನ ಗಿಡದ ಮೇಲೆ ಹಾದು, ಯಾವ ಅವಸರವೂ ಇಲ್ಲದೆ, ಶಾಲೆಯ ದಿಕ್ಕಿಗೆ ಹೋಯಿತು.

“ಅದು ನಿಂದ ಇರಬೇಕಕ್ಕಾ,” ಎಂದಳು ಭೀಮಬಾಯಿ.

“ನಂದ,” ಎಂದಳು ಚಾಂದಬಿ, ಶ್ಯಾವಿಗೆಯ ಮೇಲೆ ಬಟ್ಟೆ ಮುಚ್ಚುತ್ತ.

ಗಾಳಿ ನಿಂತಾಗ ಅಡುಗೆಯ ಕೋಣೆಯ ಮೇಲೆ ಏನೂ ಉಳಿದಿರಲಿಲ್ಲ. ಮರದ ತೊಲೆಯೊಂದು ಹೋಗುವಾಗ ಗೋಡೆಯನ್ನು ಎಳೆದಾಡಿ ಉದ್ದಕ್ಕೆ ಬಿರುಕು ಬಿಡಿಸಿತ್ತು. ಹಾರಿದ ತಗಡುಗಳು ಊರಲ್ಲೇ ಅಲ್ಲಲ್ಲಿ ಇಳಿದಿದ್ದವು. ಬಾಗಿ ಹರಿದ ತಗಡು ತನಗೆ ಬೇಡ, ಯಾರಿಗೆ ಸಿಕ್ಕಿತೋ ಅವರೇ ಇಟ್ಟುಕೊಳ್ಳಲಿ ಎಂದು ಚಾಂದಬಿ ಹೇಳಿ ಕಳಿಸಿದಳು. ಭೀಮಬಾಯಿ ಒಂದನ್ನು ಬಚ್ಚಲಿಗೆ ಮರೆಯಾಗಿ ಕಟ್ಟಿದಳು. ಚಹಾದ ಹೋಟೆಲಿನ ಶಬ್ಬೀರ್ ಇನ್ನೊಂದನ್ನು ಒಲೆಯ ಮೇಲೆ ನೆರಳಿಗೆ ಹಾಕಿದ.

ಸುದ್ದಿ ತಿಳಿದ ಮುಸ್ಕಾನ್ ಕಲಬುರಗಿಯಲ್ಲೇ ವಿಮೆಯವರಿಗೆ ಅರ್ಜಿ ಹಾಕಿದಳು. ಫೋನಿನಲ್ಲಿ ತಾಯಿಗೆ, ಒಡೆದದ್ದರ ಫೋಟೋ ತೆಗೆಸಿ ಕಳಿಸು, ಏನನ್ನೂ ಮುಟ್ಟಬೇಡ ಎಂದಳು. ಫೋಟೋ ತೆಗೆಯಲು ಶಬ್ಬೀರ್ ಬಂದ. ಫೋಟೋ ಎಂದ ಮೇಲೆ ಚಾಂದಬಿ ಮುಖ ತೊಳೆದು, ಈದ್ ಹಬ್ಬದ ಸೀರೆ ಉಟ್ಟು, ಗೋಡೆಯ ಮುಂದೆ ನಿಂತಳು.

“ಸ್ವಲ್ಪ ಈ ಕಡೆ ಬರ್ರಿ ಆಪಾ,” ಎಂದ ಶಬ್ಬೀರ್. “ಅಲ್ಲಿ ಹಿಂದ ಗೋಡಿ ಒಡದದ್ದು ಕಾಣಾಕತ್ತದ. ಛಂದ ಬರೂದಿಲ್ಲ.”

ಆಕೆ ಈ ಕಡೆ ಬಂದಳು. ಒಂಬತ್ತೋ ಹತ್ತೋ ಫೋಟೋಗಳು ಕಲಬುರಗಿಗೆ ಹೋದವು. ಎಲ್ಲದರಲ್ಲೂ ಚಾಂದಬಿ ಚೆನ್ನಾಗಿ ಬಂದಿದ್ದಳು.

“ಅಮ್ಮಿ, ಅವರಿಗೆ ನೀ ಬ್ಯಾಡ, ಮನಿ ಬೇಕಾಗೇದ,” ಎಂದಳು ಮುಸ್ಕಾನ್.

ಫೋಟೋದಿಂದ ಏನೂ ತಿಳಿಯದ ಕಂಪನಿಯವರು, ರವಿವಾರ ತಮ್ಮ ಸರ್ವೇಯರ್ ಒಬ್ಬರು ಖುದ್ದು ಬಂದು ಹಾನಿ ನೋಡುತ್ತಾರೆ ಎಂದು ತಿಳಿಸಿದರು. ಹೊರಗಿನವರು ಬರುತ್ತಾರೆ ಎಂಬಷ್ಟು ಮಾತು ಚಾಂದಬಿಯ ಕಿವಿಗೆ ಬಿತ್ತು. ಉಳಿದದ್ದು ಅಷ್ಟಾಗಿ ಬೀಳಲಿಲ್ಲ.

“ಕಲಬುರಗಿಯಿಂದ ಮನುಷ್ಯ ಬರ್ತಾನ,” ಎಂದು ಭೀಮಬಾಯಿಯ ಮುಂದೆ ಹೇಳಿದಳು. “ಬೋಳು ಮನಿಯಾಗ ಕುಂಡರಸ್ಲೇನು?”

ಭೀಮಬಾಯಿಗೂ ಅದು ಸರಿ ಕಾಣಲಿಲ್ಲ. ಆಕೆಯ ಗಂಡ ತುಕಾರಾಮ ದನದ ಕೊಟ್ಟಿಗೆಗೆಂದು ಹೊಸ ತಗಡು ತಂದಿಟ್ಟಿದ್ದ. ಜೂನಿನ ಮೊದಲ ಮಳೆಗೆ, ನಾವು ಮಿರಗ ಎನ್ನುವ ಮಳೆಗೆ, ಅವು ಬೇಕಾಗಿದ್ದವು.

“ಮಿರಗ ಬರೂ ತನಕ ನೀವ ಹಾಕ್ಕೋರಿ ಅಕ್ಕಾ,” ಎಂದ ತುಕಾರಾಮ. “ದನಾ ಈಗ ಗಿಡದ ನೆಳ್ಳಾಗ ಆರಾಮ ಅವ.”

ಹೀಗೆ ಶನಿವಾರ ಓಣಿಯವರೆಲ್ಲ ಸೇರಿ ಚಾಂದಬಿಯ ಮನೆಗೆ ತುಕಾರಾಮನ ತಗಡು ಹೊದಿಸಿದರು. ಚಾಂದಬಿ ಬಿರುಕಿಗೆ ಮಣ್ಣು ಮೆತ್ತಿ ಮೇಲೆ ಸುಣ್ಣ ಬಳಿದಳು. ಇನ್ನು ಉಳಿದದ್ದು ಇಷ್ಟೇ: ವಿಮೆಯ ಹಣ ಮಿರಗಕ್ಕೆ ಮೊದಲು ಬರಬೇಕು, ಹೊಸ ತಗಡು ಹಾಕಿಸಿ ತುಕಾರಾಮನದನ್ನು ಅವನಿಗೆ ಕೊಡಬೇಕು. ಹಣ ಬರದಿದ್ದರೆ ಮಳೆಗಾಲವೆಲ್ಲ ಆಕೆಯ ಒಲೆಯ ಮೇಲೆ ಆಕಾಶ. ಕೊಟ್ಟ ಮಾತಿನಂತೆ ತಗಡು ಮರಳಿಸದೆ ಇರುವ ಯೋಚನೆ ಆಕೆಗೆ ಬರಲಿಲ್ಲ. ಅಂಥ ಯೋಚನೆ ಬರುವ ಮನೆ ಅದಲ್ಲ.

ರವಿವಾರ ಮುಸ್ಕಾನ್ ಬಸ್ಸಿಳಿದು ಓಣಿಗೆ ಬರುವುದೂ, ಸರ್ವೇಯರ್ ವಿವೇಕಾನಂದ ಮೋಟರ್‌ಸೈಕಲ್ ಮೇಲೆ ವಿಳಾಸ ಕೇಳುತ್ತ ಬರುವುದೂ ಒಂದೇ ಆಯಿತು. ಇನ್ನೂ ಮೂವತ್ತು ತುಂಬದ, ಬೆವರು ಒರೆಸಿಕೊಳ್ಳುತ್ತಿದ್ದ, ಕಂಕುಳಲ್ಲಿ ಫೈಲು ಹಿಡಿದ ಮನುಷ್ಯ. ಇಬ್ಬರೂ ಮನೆಯ ಮುಂದೆ ನಿಂತು ಮೇಲೆ ನೋಡಿದರು. ತಗಡು ಬಿಸಿಲಿಗೆ ಹೊಳೆಯುತ್ತಿತ್ತು. ಗೋಡೆ ಹೊಳೆಯುತ್ತಿತ್ತು. ಅಂಗಳವೂ ತೊಳೆದು ಹೊಳೆಯುತ್ತಿತ್ತು.

“ಅಮ್ಮಿ,” ಎಂದಳು ಮುಸ್ಕಾನ್ ಮೆಲ್ಲಗೆ. “ಇದೇನ ಮಾಡೀದಿ?”

“ಸಾಹೇಬ್ರು ಬರ್ತಾರಂತ ನೀನ ಹೇಳಿದೆಲ್ಲ,” ಎಂದಳು ಚಾಂದಬಿ. “ಬರ್ರಿ ಸಾಹೇಬ್ರ, ಮೊದಲ ಊಟ ಮಾಡ್ರಿ.”

ವಿವೇಕಾನಂದ ಕೈ ಜೋಡಿಸಿದ. “ಅರ್ಜಿದಾರರ ಮನ್ಯಾಗ ಉಣ್ಣಂಗಿಲ್ಲ ಅಮ್ಮಾ, ಕಂಪನಿ ಕಾಯ್ದೆ ಅದ.”

“ಉಣಬ್ಯಾಡ ಅನ್ನೂದು ಕಾಯ್ದೆ?”

“ಹೌದ್ರಿ.”

ಚಾಂದಬಿ ಒಳಗೆ ಹೋಗಿ ಬಿರಿಯಾನಿಯ ಹಂಡೆಯನ್ನು ಮತ್ತೆ ಮುಚ್ಚಿಟ್ಟು ಬಂದಳು.

ಹಾನಿ ಎಲ್ಲಿ ಎಂದು ಕೇಳಿದಾಗ ಮುಸ್ಕಾನ್ ಎಲ್ಲವನ್ನೂ ವಿವರಿಸಿದಳು. ವಿವೇಕಾನಂದ ತಾಳ್ಮೆಯಿಂದ ಕೇಳಿ, ಹಾರಿಹೋದ ಹಳೆಯ ತಗಡುಗಳನ್ನಾದರೂ ತೋರಿಸಿ, ಅಕ್ಕಪಕ್ಕದವರಾದರೂ ಹೇಳಲಿ ಎಂದ. ಮೂವರೂ ಶಬ್ಬೀರನ ಹೋಟೆಲಿಗೆ ಹೋದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಲಬುರಗಿಯಿಂದ ಮೋಟರ್‌ಸೈಕಲ್ ಮೇಲೆ ಫೈಲು ಹಿಡಿದು ಬಂದು, ಒಬ್ಬರ ಮನೆಯ ಬಗ್ಗೆ ಇನ್ನೊಬ್ಬರನ್ನು ಕೇಳುವ ಮನುಷ್ಯ ಒಂದೇ ಜಾತಿಯವನು, ಸಾಲದ ವಸೂಲಿಯವನು. ಅಂಥವನು ಬಂದರೆ ಓಣಿಯವರು ತಮ್ಮವರನ್ನು ಬಿಟ್ಟುಕೊಡುವುದಿಲ್ಲ.

“ಇದು ಆ ಅಮ್ಮಾರ ಮನಿ ತಗಡ ಹೌದಲ್ರಿ? ಗಾಳಿಗೆ ಹಾರಿ ಬಂದದ್ದು?” ಎಂದು ವಿವೇಕಾನಂದ ಕೇಳಿದ.

ಶಬ್ಬೀರ್ ಚಹಾ ಸೋಸುತ್ತಿದ್ದ. “ಯಾವ ಗಾಳಿ?”

“ಹೋದ ವಾರ ಬಂದಿತ್ತಲ್ರಿ.”

“ಗಾಳಿ ದಿನಾ ಬರ್ತದ್ರಿ. ಅದು ಇಲ್ಲಂದ್ರ ಮನುಷ್ಯಾ ಬದುಕ್ತಾನೇನು? ಇದು ನಾ ರೊಕ್ಕಾ ಕೊಟ್ಟು ತಂದ ತಗಡ.”

“ಬಾಗೇದಲ್ಲ?”

“ಬಾಗಿದ್ದ ತಂದೀನ್ರಿ. ನೀರ ಹರೀಲಿ ಅಂತ.”

“ಕಾಕಾ,” ಎಂದಳು ಮುಸ್ಕಾನ್, “ಇವರು ವಸೂಲಿಯವರಲ್ಲ.”

“ಹಂಗಂತ ವಸೂಲಿಯವರೂ ಹೇಳ್ತಾರವ್ವಾ,” ಎಂದ ಶಬ್ಬೀರ್, ಆಕೆಯ ಮುಂದೆ ಚಹಾ ಇಡುತ್ತ.

ಭೀಮಬಾಯಿ ಇನ್ನೂ ಗಟ್ಟಿ. ಬಚ್ಚಲ ಮರೆಯ ಮುಂದೆ ಎರಡೂ ಕೈ ಸೊಂಟದ ಮೇಲೆ ಇಟ್ಟು ನಿಂತಳು. “ಅಕ್ಕನ ಮನಿ ಕಲ್ಲಿನ ಮನಿ ಸಾಹೇಬ್ರ. ಏನೂ ಆಗಿಲ್ಲ, ಏನೂ ಆಗೂದಿಲ್ಲ. ಹಂತಾ ಮನಿ ಇದ್ದಾಕಿ ನಿಮ್ಮ ಸಾಲ ಮುಳಗಸ್ತಾಳೇನು?”

ಮುಸ್ಕಾನ್ ತಾಯಿಯ ಕಡೆ ನೋಡಿದಳು. ಚಾಂದಬಿಯ ಮುಖದಲ್ಲಿ ಬೇಸರವಿರಲಿಲ್ಲ. ಓಣಿಯಲ್ಲಿ ತನ್ನ ಮನೆಗೆ ಇಷ್ಟು ಹೆಸರಿದೆ ಎಂದು ಆಕೆಗೆ ಅಂದೇ ತಿಳಿದದ್ದು.

ಮರಳಿ ಬಂದು ವಿವೇಕಾನಂದ ಕಟ್ಟೆಯ ಮೇಲೆ ಕುಳಿತ. ಅವನೂ ದಣಿದಿದ್ದ. “ಅಮ್ಮಾ, ನೀವು ಸುಳ್ಳ ಹೇಳಾಕತ್ತೀರಿ ಅಂತ ನಾ ಅನ್ನೂದಿಲ್ಲ. ಆದ್ರ ನಾ ಕಂಡದ್ದ ಬರೀಬೇಕು. ಕಂಡದ್ದು ಗಟ್ಟಿ ಮನಿ.”

“ಹಂಗ ಬರದ್ರ?”

“ಅರ್ಜಿ ಅಲ್ಲಿಗೆ ಮುಗೀತದ್ರಿ. ಪೈಸಾ ಬರೂದಿಲ್ಲ.”

ಚಾಂದಬಿ ಮೇಲೆ ನೋಡಿದಳು. ಮುಂದೆ ನಡೆಯುವುದೆಲ್ಲ ಅಲ್ಲೇ ಬರೆದಿತ್ತು ಎನ್ನುವ ಹಾಗೆ ಬಹಳ ಹೊತ್ತು ನೋಡಿದಳು. ಮಿರಗ ಬರುತ್ತದೆ, ತುಕಾರಾಮ ತಗಡು ಕೇಳುವುದಿಲ್ಲ, ದನ ಕೊಟ್ಟಿಗೆಯಲ್ಲಿ ತೊಯ್ಯುತ್ತವೆ, ತಾನು ಒಳಗೆ ಬೆಚ್ಚಗೆ ರೊಟ್ಟಿ ಬಡಿಯುತ್ತಿರುತ್ತಾಳೆ.

“ತುಕಾರಾಮ,” ಎಂದು ಕೂಗಿದಳು. “ನಿಚ್ಚಣಕಿ ತಗೊಂಡ ಬಾ.”

ತುಕಾರಾಮ ನಿಚ್ಚಣಿಕೆ ತಂದು ನಿಲ್ಲಿಸಿದ. “ಯಾಕಕ್ಕಾ, ಎಲ್ಲೆರೆ ಸಡಲೇದೇನು?”

“ಇಲ್ಲ. ಬಿಚ್ಚು.”

“ನಿನ್ನೆ ಕಟ್ಟೀವಲ್ಲಕ್ಕಾ.”

“ಕಟ್ಟಿದ್ದಕ್ಕ ಬಿಚ್ಚ ಅನ್ನಾಕತ್ತೀನಿ. ಕಟ್ಟಲಾರದ್ದ ಹೆಂಗ ಬಿಚ್ಚೂದು?”

“ಮಂದಿ ನೋಡ್ತಾರಕ್ಕಾ,” ಎಂದಳು ಭೀಮಬಾಯಿ ಮೆಲ್ಲಗೆ.

“ನೋಡ್ಲಿ. ನೋಡಾಕ ಬಂದಾರ.”

ಒಂದೊಂದೇ ತಗಡು ಕೆಳಗಿಳಿಯಿತು. ಒಂದೊಂದಕ್ಕೂ ಒಂದು ಪಟ್ಟಿ ಬಿಸಿಲು ಒಳಗೆ ಬಿತ್ತು. ಮೊದಲು ಒಲೆಯ ಮೇಲೆ, ಆಮೇಲೆ ಮುಚ್ಚಿಟ್ಟ ಬಿರಿಯಾನಿಯ ಹಂಡೆಯ ಮೇಲೆ, ಆಮೇಲೆ ಮಡಿಸಿಟ್ಟ ಕೌದಿ, ಗೂಟದ ಮೇಲಿನ ಹಳೆಯ ಸೀರೆ, ತಾಯಿ ಮಗಳ ಎರಡು ಹಣಿಗೆಗಳ ಮೇಲೆ. ಓಣಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಯ ತಗಡು ಇಳಿದಾಗ ಚಾಂದಬಿ ತನ್ನ ಅಡುಗೆಯ ಕೋಣೆಯಲ್ಲೇ ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಬಜಾರಿನಲ್ಲಿ ನಿಂತವರ ಹಾಗೆ.

ವಿವೇಕಾನಂದ ಮುರಿದ ತೊಲೆಗಳ, ಕಿತ್ತ ಮೊಳೆಗಳ ಫೋಟೋ ತೆಗೆದ. ಗೋಡೆಯ ಬಿರುಕು ಎಲ್ಲಿ ಎಂದು ಕೇಳಿದ. ಚಾಂದಬಿ ಸಟ್ಟುಗ ತೆಗೆದುಕೊಂಡು ಹಿಂದಿನ ದಿನ ತಾನೇ ಬಳಿದ ಸುಣ್ಣವನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದಳು. ಮಣ್ಣು ಉದುರಿ ಆಕೆಯ ಕಾಲ ಮೇಲೆ ಬಿತ್ತು. ಬಿರುಕು ಕಂಡಿತು.

“ಸಾಕ್ರಿ ಅಮ್ಮಾ,” ಎಂದ ವಿವೇಕಾನಂದ.

“ಇನ್ನೂ ಅದ. ಪೂರಾ ನೋಡಿ ಬರೀರಿ,” ಎನ್ನುತ್ತ ಆಕೆ ಇನ್ನೊಂದು ಗೋಡೆಗೆ ಹೋದಳು.

ಶಬ್ಬೀರ್ ಹೋಟೆಲಿನ ತಗಡನ್ನು ಕಿತ್ತುಕೊಂಡು ಬಂದು ಅಂಗಳದಲ್ಲಿ ಇಟ್ಟ. “ಇದು ಆಪಾಂದು,” ಎಂದ. “ನೀರ ಹರೀಲಿ ಅಂತ ಬಾಗಿದ್ದಲ್ಲ.”

ವಿವೇಕಾನಂದ ಅದನ್ನೂ ಬರೆದುಕೊಂಡ. ಹೊರಡುವಾಗ ನೀರು ಕೇಳಿದ.

“ನೀರಿಗೆ ಕಾಯ್ದೆ ಇಲ್ಲೇನು?” ಎಂದಳು ಚಾಂದಬಿ.

“ನೀರಿಗಿಲ್ರಿ.”

ಆಕೆ ತಂಬಿಗೆ ತುಂಬ ಕೊಟ್ಟಳು. ಬಿರಿಯಾನಿ ಓಣಿಯವರ ಪಾಲಾಯಿತು. ಉಂಡ ಮೇಲೆ ತುಕಾರಾಮ ಅದೇ ತಗಡನ್ನು ಮತ್ತೆ ಮೇಲೇರಿಸಿದ. ಈ ಸಲ ಗಂಟು ಹಾಕುವಾಗ, ಇನ್ನು ಯಾರೂ ಬರುವವರಿಲ್ಲವಲ್ಲ ಎಂದು ಎರಡು ಸಲ ಕೇಳಿಕೊಂಡ.

ಜೂನಿನ ಆರಂಭದಲ್ಲಿ ಮುಸ್ಕಾನಳ ಫೋನಿಗೆ ಉತ್ತರ ಬಂತು. ತಗಡಿಗೆ, ತೊಲೆಗೆ, ಗೋಡೆಗೆ ಮಂಜೂರಾಗಿತ್ತು. ಸುಣ್ಣಕ್ಕೆ ಆಗಿರಲಿಲ್ಲ, ಗಾಳಿಯ ನಂತರ ಬಳಿದದ್ದು ಎಂದು ಕಾರಣ ಕೊಟ್ಟಿದ್ದರು. “ಅದು ಖರೇನ ಅದ,” ಎಂದಳು ಚಾಂದಬಿ. ಆ ಕಂಪನಿಯ ಬಗ್ಗೆ ಆಕೆ ಆಡಿದ ಒಳ್ಳೆಯ ಮಾತು ಅದೊಂದೇ.

ಹೊಸ ತಗಡು ಕಲಬುರಗಿಯಿಂದ ಟೆಂಪೋದಲ್ಲಿ ಬಂತು. ತುಕಾರಾಮನ ತಗಡುಗಳನ್ನು ಆಕೆ ಒರೆಸಿ, ತಾನೇ ಒಂದು ಕಡೆ ಹಿಡಿದು, ಕೊಟ್ಟಿಗೆಗೆ ಮುಟ್ಟಿಸಿದಳು. ಆ ವಾರವೇ ಒಂದು ಸಂಜೆ ಮಳೆ ಹಿಡಿಯಿತು. ಭೀಮಬಾಯಿ ಗೋಣಿಚೀಲ ತಲೆಯ ಮೇಲೆ ಹಾಕಿಕೊಂಡು ಓಡಿಬಂದು, ಒಲೆಯ ಪಕ್ಕ ಕುಳಿತು, ಮೇಲೆ ನೋಡಿದಳು.

“ಕಂಪನಿ ತಗಡ ಅಂತ ಬ್ಯಾರೆ ಸಪ್ಪಳೇನಿಲ್ಲ ಬಿಡಕ್ಕಾ,” ಎಂದಳು. “ನಮ್ಮ ಕೊಟ್ಟಿಗಿಯಾಗೂ ಹಿಂಗ ಆಗಾಕತ್ತದ.”

“ಆಗಾಕತ್ತದೇನು?”

“ಹೂಂ.”

“ಹಂಗಾರ ಸ್ವಲ್ಪ ಸುಮ್ಮನ ಕೂಡು,” ಎಂದಳು ಚಾಂದಬಿ. “ಎರಡೂ ಸಪ್ಪಳ ಕೇಳ್ತೀನಿ.”