ಹೊರಟವರನ್ನು ಕೇಳಬಾರದ ಪ್ರಶ್ನೆ

ಹೊರಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು. ಕೇಳಲೇಬೇಕಿದ್ದರೆ ‘ದೂರಾನಾ?’ ಅನ್ನಬೇಕು. ಕಂಪ್ಯೂಟರ್ ಓದಿ, ಅಮೆರಿಕದ ಹರ್ನ್‌ಡನ್‌ಗೆ ಬಂದು, ದಿನಾ ಟೋಲ್ ರೋಡಿನಲ್ಲಿ ಕಾರು ಓಡಿಸಿದರೂ ಆ ಹುಚ್ಚು ನನ್ನನ್ನು ಬಿಡಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ, ನಮ್ಮ ಜೊತೆಗೇ ಇದ್ದ ಅವಳ ತಮ್ಮ, ಮೂವರೂ ಸ್ಕೀಯಿಂಗ್‌ಗೆಂದು ವೆಸ್ಟ್ ವರ್ಜೀನಿಯಾದ ಬೆಟ್ಟಕ್ಕೆ ಹೋದೆವು. ಸೊಂಟದೆತ್ತರ ಹಿಮ ಬಿದ್ದಿತ್ತು. ಹೆಂಡತಿಗೆ ಅದರ ಮೇಲೆ ನಿಲ್ಲುವುದೇ ಭಯ, ಕ್ಯಾಬಿನ್‌ನಲ್ಲೇ ಉಳಿದಳು. ನಮ್ಮಿಬ್ಬರಿಗೆ ಕಲಿಸಿದ ಮುದುಕ ಮೊದಲ ದಿನವೇ ಎಚ್ಚರಿಸಿದ್ದ. ಕಾಡಿನೊಳಗೆ ಒಬ್ಬರೇ ಹೋಗಬೇಡಿ. ಸ್ಪ್ರೂಸ್ ಮರಗಳ ಬುಡದಿಂದ ದೂರವಿರಿ, ಕೊಂಬೆಗಳ ಕೆಳಗೆ ಹಿಮ ಗಟ್ಟಿಯಾಗಿರುವುದಿಲ್ಲ, ಗುಂಡಿಯಿರುತ್ತದೆ. ಯಾವ ದಾರಿ ಹಿಡಿಯುತ್ತೀರೆಂದು ಯಾರಿಗಾದರೂ ಹೇಳಿಯೇ ಹೋಗಿ. ನಾನು ಎಲ್ಲ ಗೊತ್ತಿರುವವನ ಹಾಗೆ ತಲೆಯಾಡಿಸಿದ್ದೆ.

ಮರುದಿನ ಬೆಳಿಗ್ಗೆ ಬೂಟು ಬಿಗಿಯುತ್ತಿದ್ದೆ.

“ಎಲ್ಲಿಗ್ರೀ ಇವತ್ತು? ಯಾವ ಕಡೆ?” ಅಂದಳು ಹೆಂಡತಿ.

ಮೈಯೆಲ್ಲ ಉರಿಯಿತು. “ಹೊರಟೋರನ್ನ ಹಾಗೆ ಕೇಳ್ಬೇಡ ಅಂತ ಎಷ್ಟ್ ಸಲ ಹೇಳ್ಲಿ? ಕಾಲು ಮುರ್ಕೊಂಡು ಬರ್ಬೇಕಾ ನಾನು?”

ಅವಳ ತಮ್ಮನ ಎದುರಿಗೇ ರೇಗಿದೆ. ಸಾಲದ್ದಕ್ಕೆ ಬೂಟು ಬಿಚ್ಚಿ, ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಹೊರಟೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿ ಕೈಕೊಟ್ಟಿತು. ಇಬ್ಬರೂ ವಾಪಸು ಬಂದೆವು. ಪುಳಿಯೋಗರೆ ತಿಂದು ನಾನು ಅಡ್ಡಾದೆ.

“ಒಂದೇ ರೌಂಡ್ ಭಾವ, ಬಂದ್ಬಿಡ್ತೀನಿ,” ಎಂದು ಭಾವಮೈದ ಎದ್ದ. ತಡೆಯಬೇಕಿತ್ತು, ಹೊದಿಕೆ ಎಳೆದುಕೊಂಡೆ. ನಿದ್ದೆಗಣ್ಣಿನಲ್ಲಿ ಬಾಗಿಲ ಬಳಿ ಅವಳ ದನಿ ಕೇಳಿಸಿತು.

“ದೂರಾನಾ?”

“ಇಲ್ಲೇ ಹತ್ರ ಅಕ್ಕ.”

ನಾಲ್ಕೂವರೆಗೆ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟು ನಿಂತಿತು. ಅವನು ಬರಲಿಲ್ಲ. ಸ್ಕೀ ಪಟ್ರೋಲ್‌ನ ಕಾವಲುಗಾರ ಗೋಡೆಯ ಮ್ಯಾಪಿನ ಎದುರು ನಮ್ಮನ್ನು ನಿಲ್ಲಿಸಿ, ಯಾವ ಕಡೆ ಹೋದ ಎಂದು ಕೇಳಿದ. ಹೆಂಡತಿ ಮ್ಯಾಪು ನೋಡಲಿಲ್ಲ, ನನ್ನ ಮುಖ ನೋಡಿದಳು.

“ನಾಟ್ ಫಾರ್,” ಅಂದಳು. ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಅಷ್ಟನ್ನು ಮಾತ್ರ ಕೇಳಲು ನಾನು ಬಿಟ್ಟಿದ್ದೆ.

ಬೆಟ್ಟದ ಮೂರು ಮಗ್ಗುಲನ್ನೂ ಜಾಲಾಡಬೇಕಾಯಿತು. ಮೂರನೆಯದರಲ್ಲಿ, ಕತ್ತಲಾದ ಮೇಲೆ, ಒಂದು ಸ್ಪ್ರೂಸ್ ಮರದ ಬುಡದಲ್ಲಿ ಸಿಕ್ಕ. ಎದೆಯವರೆಗೆ ಹೂತಿದ್ದ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಒಂದು ಕೈಯ ಗ್ಲೌಸ್ ಹಿಮದಲ್ಲೆಲ್ಲೋ ಹೋಗಿತ್ತು. ಹೋದ ದಾರಿ ಗೊತ್ತಿದ್ದರೆ ಬೆಳಕಿರುವಾಗಲೇ ಎತ್ತುತ್ತಿದ್ದೆವು ಎಂದರು ಹುಡುಕಿದವರು. ಜೀವ ಉಳಿಯಿತು. ಬಲಗೈಯ ಎರಡು ಬೆರಳುಗಳ ತುದಿ ಉಳಿಯಲಿಲ್ಲ.

ಆಸ್ಪತ್ರೆಯಿಂದ ಹೆಂಡತಿ ಮೈಸೂರಿಗೆ, ತನ್ನ ಅಮ್ಮನಿಗೆ, ಫೋನ್ ಮಾಡಿದಳು. “ನಂದೇ ತಪ್ಪಮ್ಮ. ಎಲ್ಲಿಗೆ ಹೋಗ್ತೀಯೋ ಅಂತ ನಾನು ಕೇಳ್ಲೇ ಇಲ್ಲ,” ಎಂದು ಅತ್ತಳು. ನನ್ನ ಹೆಸರೆತ್ತಲಿಲ್ಲ. ಆ ಕಡೆಯಿಂದ ಅತ್ತೆ ಅವಳನ್ನು ಬೈಯುತ್ತಿದ್ದುದು ಪಕ್ಕದ ಕುರ್ಚಿಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಫೋನ್ ಇಸಿದುಕೊಂಡು ನಿಜ ಹೇಳಬೇಕಿತ್ತು. ಕೈ ಮುಂದೆ ಚಾಚಿದೆ ಕೂಡ.

ಆಮೇಲೆ ಕೈ ಹಿಂದಕ್ಕೆಳೆದುಕೊಂಡು, “ಅತ್ತೆ ಆರೋಗ್ಯ ನಾನೂ ವಿಚಾರಿಸಿದೆ ಅಂತ ಹೇಳು,” ಅಂದೆ.